ದಫ್ತರವೂ ಒಂದು ವಿದ್ಯೆ

ಕೆಲವು ಮಾತುಗಳು ಹುಟ್ಟಿದ ಊರನ್ನು ಬಿಟ್ಟು ಪಟ್ಟಣಕ್ಕೆ ಬಂದು ಹೊಸ ಉದ್ಯೋಗವನ್ನು ಹಿಡಿಯುತ್ತವೆ. ಕನ್ನಡದ 'ಕಡತ' ಎಂಬ ಮಾತು ಅಂಥದು. ಕಚೇರಿಯ ಮೇಜಿನ ಮೇಲೆ ದಾರ ಕಟ್ಟಿಸಿಕೊಂಡು ಮಲಗಿರುವ, ರಟ್ಟು ಹೊದ್ದ ಕಾಗದದ ಕಂತೆಗೆ ನಾವು ಇಂದು ಆ ಹೆಸರನ್ನು ಕೊಟ್ಟಿದ್ದೇವೆ. 'ಕಡತ ವಿಲೇವಾರಿ', 'ಕಡತ ಯಜ್ಞ' ಎಂಬ ಸಮಾಸಗಳೂ ಬಳಕೆಗೆ ಬಂದಿವೆ. ಯಜ್ಞವೆಂದ ಮೇಲೆ ಆಹುತಿಯೂ ಉಂಟು ಎಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮೂಲದ ಕಡತ ಕಾಗದದ್ದಲ್ಲ. ಉದ್ದನೆಯ ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಎರಡು ಮೈಗೂ ಬಳಿದು, ಒಣಗಿಸಿ, ಕತ್ತರಿಸದೆ ಒಂದೇ ಅಳತೆಯ ಪುಟಗಳಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆಯನ್ನು ಹಚ್ಚಿ ಮಾಡಿದ ಕರಿಯ ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಂಗಡಿಯವನ ಲೆಕ್ಕವೂ ಅದರಲ್ಲಿಯೇ, ಊರ ಶ್ಯಾನುಭೋಗನ ಲೆಕ್ಕವೂ ಅದರಲ್ಲಿಯೇ, ಮಠದ ಉಂಬಳಿಯ ವಿವರವೂ ಅದರಲ್ಲಿಯೇ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಲು ಆರಂಭಿಸಿದ ತನ್ನ ಇತಿಹಾಸಗ್ರಂಥದಲ್ಲಿ ಈ ಕಡತಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ.

ಅವನ ಬೆರಗಿಗೆ ಕಾರಣವಿದೆ. ಬಳಪದ ಬರಹವನ್ನು ಒದ್ದೆ ಬಟ್ಟೆಯಿಂದ ಒರಸಿಬಿಡಬಹುದು. ಒರಸಿದ ಜಾಗದಲ್ಲಿ ಬೇರೆ ಬರೆಯಬಹುದು. ಇಷ್ಟು ಸುಲಭವಾಗಿ ಅಳಿಯಬಲ್ಲ ಪುಸ್ತಕವನ್ನೇ ಒಂದು ನಾಡು ತನ್ನ ಹೊಲದ ಎಲ್ಲೆಗೂ ಹಣದ ಋಣಕ್ಕೂ ಸಾಕ್ಷಿಯಾಗಿ ನಂಬಿತೆಂದರೆ, ಆ ನಂಬಿಕೆ ಬಟ್ಟೆಯನ್ನು ಕುರಿತದ್ದಾಗಿರಲಾರದು. ಬರೆದವನ ಕೈಯನ್ನೂ ಕಾದವನ ಬುದ್ಧಿಯನ್ನೂ ಕುರಿತದ್ದಾಗಿರಬೇಕು. ದಾಖಲೆಯನ್ನು ಉಳಿಸುವುದು ಒಂದು ವಿದ್ಯೆ. ಅದಕ್ಕೆ ಕಲಿಕೆ ಬೇಕು, ಕಲಿತವನಿಗೆ ಮನ್ನಣೆ ಬೇಕು, ಮತ್ತು ಆ ಕಲಿಕೆಯಲ್ಲಿ ಕನ್ನಡವನ್ನು ಬೋಧಿಸುವ ನಮ್ಮಂಥವರ ಪಾಲೂ ಇದೆ ಎಂಬುದು ನನ್ನ ಪಕ್ಷ. ಈ ಮೂರನೆಯ ಮಾತಿಗೆ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ನಗುವುದನ್ನು ನಾನು ಕಂಡಿದ್ದೇನೆ. ಇರಲಿ.

ನಮ್ಮ ಸಂಸ್ಥೆಗಳಲ್ಲಿ ದಾಖಲೆಯ ಕೋಣೆಗೆ ಯಾರನ್ನು ಕಳುಹಿಸುತ್ತಾರೆ? ಮೇಲಿನವರೊಡನೆ ಹೊಂದಿಕೊಳ್ಳದವರನ್ನು, ಕಣ್ಣು ಮಂಜಾದವರನ್ನು, ನಿವೃತ್ತಿಗೆ ಒಂದೆರಡು ವರ್ಷ ಉಳಿದವರನ್ನು. 'ಅಲ್ಲಿ ಏನಿದೆ ಕೆಲಸ? ಕಟ್ಟಿ ಇಡುವುದು, ಕೇಳಿದಾಗ ಬಿಚ್ಚಿ ಕೊಡುವುದು' ಎಂಬುದು ಸಾಮಾನ್ಯವಾದ ತಿಳಿವಳಿಕೆ. ಹಿಂದೆ ನಾನು ಪಾಠ ಹೇಳಿದ ಕಾಲೇಜೊಂದರ ಕಚೇರಿಯಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ಪ್ರವೇಶದ ರಿಜಿಸ್ಟರುಗಳು, ಅಂಕಗಳ ಪುಸ್ತಕಗಳು, ವರ್ಗಾವಣೆ ಪತ್ರಗಳ ಮೊಳೆಗಳು ಎಲ್ಲವೂ ಅವರಿಗೆ ಬಾಯಿಪಾಠವಾಗಿದ್ದವು. ಯಾರಾದರೂ ತಮ್ಮ ಹೆಸರನ್ನೂ ಕಾಲೇಜನ್ನು ಬಿಟ್ಟ ವರ್ಷವನ್ನೂ ಹೇಳಿದರೆ ಕುರ್ಚಿಯಿಂದ ಏಳುವ ಮೊದಲೇ ಯಾವ ಬೀರು, ಎಷ್ಟನೆಯ ಅರೆ ಎಂಬುದನ್ನು ಹೇಳಬಲ್ಲವರಾಗಿದ್ದರು. ಅವರು ನಿವೃತ್ತರಾದ ದಿನ ಸಂಸ್ಥೆ ಹಾರ ಹಾಕಿತು, ಶಾಲು ಹೊದಿಸಿತು, ಹಣ್ಣಿನ ಬುಟ್ಟಿಯನ್ನು ಕೊಟ್ಟು ಬೀಳ್ಕೊಟ್ಟಿತು. ಅವರ ತಲೆಯಲ್ಲಿದ್ದ ಸೂಚಿಯನ್ನು ಬರೆಸಿಟ್ಟುಕೊಳ್ಳಬೇಕೆಂದು ಮಾತ್ರ ಅದಕ್ಕೆ ಹೊಳೆಯಲಿಲ್ಲ. ಮರುವರ್ಷ ಅರವತ್ತು ವರ್ಷದ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಜನ್ಮದಿನದ ದಾಖಲೆಗಾಗಿ ಬಂದಾಗ, ಬಾಗಿಲು ಮುರಿದ ಬೀರುವಿನ ಮುಂದೆ ಮೂವರು ಹುಡುಗರು ಕುಳಿತು ಧೂಳು ಕೊಡಹುತ್ತಿದ್ದುದನ್ನು ನೋಡಿದೆ. ರಿಜಿಸ್ಟರು ಅಲ್ಲಿಯೇ ಇತ್ತು. ಇಲ್ಲದಿದ್ದುದು ಅದರ ದಾರಿ.

ಈ ವಿದ್ಯೆ ನಮಗೆ ಹೊಸದೆಂದು ಯಾರೂ ಭಾವಿಸಬೇಕಾಗಿಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಕಡಿತವೆರ್ಗಡೆ' ಎಂಬ ಅಧಿಕಾರಿಯ ಹೆಸರು ಬರುತ್ತದೆ. ಕಡಿತವೆಂದರೆ ನಮ್ಮ ಕಡತವೇ. ವೆರ್ಗಡೆ ಎಂದರೆ ಹೆಗ್ಗಡೆ. ರಾಜ್ಯದ ಲೆಕ್ಕಪತ್ರಗಳಿಗೆ ಒಬ್ಬ ಹೆಗ್ಗಡೆ! ಹುದ್ದೆಯ ಹೆಸರೇ ಅದರ ಗೌರವವನ್ನು ಸೂಚಿಸುತ್ತದೆ. ಅದೇ ಮನೆತನದ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ (1076–1126) ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಚಾರದಲ್ಲಿ ನ್ಯಾಯಾಲಯಗಳು ಈ ಗ್ರಂಥವನ್ನು ಪ್ರಮಾಣವಾಗಿ ಎಣಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಅದರಲ್ಲಿ 'ಲೇಖ್ಯ' ಎಂಬ ಪ್ರಕರಣವೊಂದಿದೆ; ಅದನ್ನು ಓದುವವರು ಕಡಿಮೆ. ಸಾಲದ ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ ಇರಬೇಕು. ಕೊಟ್ಟವನ, ಕೊಂಡವನ ಹೆಸರು, ಕುಲ, ತಂದೆಯ ಹೆಸರು ಇರಬೇಕು. ಸಾಲಗಾರನು ತನ್ನ ಕೈಯಿಂದಲೇ ಒಪ್ಪಿಗೆಯನ್ನು ಬರೆಯಬೇಕು. ಸಾಕ್ಷಿಗಳು ತಮ್ಮ ತಂದೆಯ ಹೆಸರನ್ನೂ ಸೇರಿಸಿ ರುಜುಮಾಡಬೇಕು. ಕೊನೆಗೆ ಲೇಖಕನು ಇಂಥವನ ಮಗ ಇಂಥವನಾದ ನಾನು ಉಭಯರ ಕೋರಿಕೆಯಂತೆ ಬರೆದೆನೆಂದು ಮುಗಿಸಬೇಕು. ಪತ್ರ ದೂರದೇಶದಲ್ಲಿ ಸಿಕ್ಕಿಬಿದ್ದರೆ, ಅಕ್ಷರ ಕೆಟ್ಟಿದ್ದರೆ, ಕಳೆದುಹೋದರೆ, ಅಳಿಸಿಹೋದರೆ, ಕದ್ದುಹೋದರೆ, ಹರಿದರೆ, ಸುಟ್ಟರೆ ಬೇರೆ ಪತ್ರವನ್ನು ಮಾಡಿಸಬೇಕು. ಸಾಲವನ್ನು ಕಂತಿನಲ್ಲಿ ತೀರಿಸುತ್ತಿದ್ದರೆ ತೆತ್ತ ಮೊತ್ತವನ್ನೆಲ್ಲ ಆ ಪತ್ರದ ಬೆನ್ನಿನ ಮೇಲೆಯೇ ಬರೆಯುತ್ತ ಹೋಗಬೇಕು. ಈ ಕೊನೆಯ ವಿಧಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇನೆ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಶತಮಾನಗಳ ಕಾಲ ಹೆಸರಿಗೆ ಮಾತ್ರ ಉಳಿದಿದ್ದ ಆ ಗ್ರಂಥ 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಓಲೆಗಳ ನಡುವೆ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿತ್ತು, 1909ರಲ್ಲಿ ಅಚ್ಚಾಯಿತು. ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಯ ಕಟ್ಟು ಅದು. ಅದನ್ನು ತೆಗೆದುಕೊಂಡು, ಪಟ್ಟಿಗೆ ಸೇರಿಸಿ, ಓದಬಲ್ಲವರ ಕೈಗೆ ಒಪ್ಪಿಸುವ ಒಂದು ಭಂಡಾರವಿದ್ದುದರಿಂದ ಲೋಕಕ್ಕೆ ಆ ಶಾಸ್ತ್ರ ಮರಳಿ ಸಿಕ್ಕಿತು. ಆ ಗ್ರಂಥದೊಳಗೆ ಏನಿದೆ? 'ಅಕ್ಷಪಟಲ' ಎಂಬ ಲೆಕ್ಕಪತ್ರದ ಭವನವನ್ನು ಪೂರ್ವಕ್ಕೋ ಉತ್ತರಕ್ಕೋ ಬಾಗಿಲಿರುವಂತೆ ಕಟ್ಟಬೇಕು. ಒಳಗೆ ಲೆಕ್ಕಿಗರಿಗೆ ಬೇರೆ ಬೇರೆ ಪೀಠಗಳು, ಪುಸ್ತಕಗಳಿಗೆ ನಿಯತವಾದ ಸ್ಥಾನಗಳು. ದೇಶ, ಗ್ರಾಮ, ಜಾತಿ, ಕುಲಗಳ ಧರ್ಮ ವ್ಯವಹಾರ ಚರಿತ್ರಗಳೆಲ್ಲ ಅಲ್ಲಿ ಬರೆದಿರಬೇಕು. ಆಷಾಢದಲ್ಲಿ ಎಲ್ಲ ಅಧಿಕಾರಿಗಳೂ ಮುದ್ರೆಯೊತ್ತಿದ ಪುಸ್ತಕಗಳೊಡನೆ ಬಂದು ಲೆಕ್ಕವೊಪ್ಪಿಸಬೇಕು. ಲೇಖಕನೆಂಬವನು ಎಲ್ಲ ಸಮಯಾಚಾರಗಳನ್ನು ಬಲ್ಲವನೂ ಬೇಗ ರಚಿಸಬಲ್ಲವನೂ ಚೆಲುವಾದ ಅಕ್ಷರವುಳ್ಳವನೂ ಇತರರ ಬರಹವನ್ನು ಓದಬಲ್ಲವನೂ ಆಗಿರಬೇಕು. ಬರಹದ ದೋಷಗಳಲ್ಲಿ ಮೊದಲನೆಯದು 'ಅಕಾಂತಿ': ಕಪ್ಪಿಟ್ಟ ಹಾಳೆ, ಸಮವಿಲ್ಲದ, ಬಣ್ಣಗೆಟ್ಟ ಅಕ್ಷರ. ಇಂದಿನ ಛಾಯಾಪ್ರತಿಗಳನ್ನು ನೋಡಿದ್ದರೆ ಕೌಟಿಲ್ಯನು ದಂಡದ ಮೊತ್ತವನ್ನು ಹೆಚ್ಚಿಸುತ್ತಿದ್ದನೋ ಏನೋ.

ಇಷ್ಟು ಸೊಗಸಾದ ಪರಂಪರೆ ನಡುವೆ ಎಲ್ಲಿ ತುಂಡಾಯಿತು? ಸೇನಬೋವನಿಂದ ಶ್ಯಾನುಭೋಗನವರೆಗೆ ಈ ವಿದ್ಯೆ ಮನೆತನದ ಸೊತ್ತಾಗಿ ನಡೆದುಬಂತು. ಮಗನು ತಂದೆಯ ಪಕ್ಕದಲ್ಲಿ ಕುಳಿತು ಮೋಡಿ ಅಕ್ಷರವನ್ನು ಕಲಿತ. ಹಾಗ ವೀಸಗಳ ಲೆಕ್ಕವನ್ನೂ ಯಾವ ಕಟ್ಟಿನಲ್ಲಿ ಯಾವ ಹೊಲ ಎಂಬುದನ್ನೂ ಕಲಿತ. ಅದರ ಜೊತೆಗೆ ಇನ್ನೇನನ್ನು ಕಲಿತ ಎಂಬುದನ್ನು ಹಳ್ಳಿಯ ರೈತರು ಚೆನ್ನಾಗಿ ಹೇಳಬಲ್ಲರು. ಅಕ್ಷರ ಬಲ್ಲವನೊಬ್ಬ, ಬಾರದವರು ನೂರು ಮಂದಿ ಇರುವ ಊರಿನಲ್ಲಿ ಪುಸ್ತಕವೇ ಆಯುಧವಾಗುತ್ತದೆ. ಆದ್ದರಿಂದ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು, 1963ರ ಫೆಬ್ರುವರಿಯಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯದ ಶ್ಯಾನುಭೋಗಿಕೆಯನ್ನು ತೆಗೆದುಹಾಕಿದ್ದು ನ್ಯಾಯವೇ ಆಯಿತು. ಅದನ್ನು ಹಳಹಳಿಸುವವರ ಗುಂಪಿನಲ್ಲಿ ನಾನಿಲ್ಲ. ಆದರೆ ಮನೆತನ ಹೋದಾಗ ಅದರ ಹೆಗಲೇರಿದ್ದ ಪಾಠಶಾಲೆಯೂ ಹೋಯಿತು. ತಂದೆಯ ಜಾಗಕ್ಕೆ ಸಂಬಳದ ಲೆಕ್ಕಿಗ ಬಂದ. ತಂದೆ ಹೇಳಿಕೊಡುತ್ತಿದ್ದ ಪಾಠದ ಜಾಗಕ್ಕೆ ಏನೂ ಬರಲಿಲ್ಲ. ಒಂದು ಜಾತಿಯ, ಒಂದು ಮನೆಯ ಗುಟ್ಟಾಗಿದ್ದುದನ್ನು ಎಲ್ಲರೂ ಕಲಿಯಬಹುದಾದ ವಿದ್ಯೆಯಾಗಿ ಮಾಡುವ ಅವಕಾಶ ಅಂದು ಇತ್ತು. ಅದು ಇಂದಿಗೂ ಇದೆ.

ಈ ವಿದ್ಯೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಸಣ್ಣ ನಿದರ್ಶನವನ್ನು ಹೇಳುತ್ತೇನೆ. ಎರಡನೆಯ ವರ್ಷದ ಬಿ.ಎ. ತರಗತಿಯ ಹುಡುಗಿಯೊಬ್ಬಳು ಒಂದು ದಿನ ಛಾಯಾಪ್ರತಿಯೊಂದನ್ನು ತಂದು, 'ಸರ್, ಇದು ನಮ್ಮ ಮುತ್ತಜ್ಜನ ಪತ್ರವಂತೆ. ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ' ಎಂದಳು. ಅದೊಂದು ಭೋಗ್ಯದ ಪತ್ರ. ಹೊಲವನ್ನು ಪಕ್ಕದ ಮನೆಯವರಿಗೆ ಭೋಗ್ಯಕ್ಕೆ ಬಿಟ್ಟ ಸಂಗತಿ. ಆ ಹೊಲ ಮತ್ತೆ ಈ ಮನೆಗೆ ಬರಲಿಲ್ಲ. ಅವರು ಮೋಸದಿಂದ ನುಂಗಿದರೆಂದು ಮೂರು ತಲೆಮಾರಿನಿಂದ ಎರಡು ಮನೆಗಳಿಗೂ ಮಾತಿಲ್ಲ, ಮದುವೆಮುಂಜಿಗಳಿಗೆ ಕರೆಯಿಲ್ಲ. ಪತ್ರದಲ್ಲಿ 'ರಕ್ತಾಕ್ಷಿ ಸಂವತ್ಸರದ ಮಾಘ ಶುದ್ಧ' ಎಂದಷ್ಟೇ ಇತ್ತು, ಶಕವರ್ಷವಿರಲಿಲ್ಲ. ರಕ್ತಾಕ್ಷಿ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1864, 1924, 1984. ಮುದ್ರೆ ಕಾಗದದ ತಲೆಯ ಮೇಲೆ ಮೈಸೂರು ಸರ್ಕಾರದ ಗಂಡಭೇರುಂಡ ಮಸುಕಾಗಿ ಕಾಣುತ್ತಿತ್ತು. 1864ರಲ್ಲಿ ಮೈಸೂರನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರು, 1984ಕ್ಕೆ ಆ ಸರ್ಕಾರವೇ ಇರಲಿಲ್ಲ. ಆದುದರಿಂದ 1924. ಅದೂ ಪೂರ್ತಿ ಸರಿಯಲ್ಲ, ಏಕೆಂದರೆ ಸಂವತ್ಸರ ಯುಗಾದಿಗೆ ಹುಟ್ಟಿ ಮಾಘದ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಪತ್ರ 1925ರ ಆರಂಭದ್ದು.

ಪತ್ರದಲ್ಲಿ ಹೇಳಿದ ಹಣಕ್ಕೂ ಕೊನೆಯ ಸಾಲಿನ ಧಾಟಿಗೂ ಏನೋ ಹೊಂದುತ್ತಿರಲಿಲ್ಲ. ನನಗೆ ವಿಜ್ಞಾನೇಶ್ವರನ ನೆನಪಾಯಿತು. 'ಇದರ ಹಿಂಬದಿ ಎಲ್ಲಿ?' ಎಂದು ಕೇಳಿದೆ. ಅಂಗಡಿಯವನು ಮುಂಬದಿಯನ್ನು ಮಾತ್ರ ತೆಗೆದುಕೊಟ್ಟಿದ್ದ. ಮನೆಯವರು ಕಚೇರಿಗಳಿಗೆ ಕೊಟ್ಟದ್ದೂ ಅಷ್ಟನ್ನೇ. ಮೂಲ ಇನ್ನೂ ಅಜ್ಜಿಯ ಟ್ರಂಕಿನಲ್ಲಿತ್ತು. ಮರುವಾರ ಅದನ್ನು ತಂದಳು. ಬೆನ್ನಿನ ಮೇಲೆ ಮೂರು ಬೇರೆ ಮಸಿಗಳಲ್ಲಿ ಮೂರು ಸಾಲುಗಳು. ಮುತ್ತಜ್ಜನು ಅದೇ ಹೊಲದ ಮೇಲೆ ಮತ್ತೆ ಮೂರು ಸಲ ಹಣ ತೆಗೆದುಕೊಂಡಿದ್ದಾನೆ. ಕೊನೆಯ ಸಲ, ಇನ್ನು ನನಗೂ ನನ್ನ ವಂಶದವರಿಗೂ ತಕರಾರಿಲ್ಲವೆಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದಾನೆ. ಆಕೆ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ, 'ಇದನ್ನು ಮನೆಯಲ್ಲಿ ಹೇಳಲೇ, ಸರ್?' ಎಂದಳು. 'ಹೇಳುವುದು ಬಿಡುವುದು ನಿನ್ನ ವಿವೇಕ, ಕಣಮ್ಮ. ಹಿಂಬದಿಯನ್ನೂ ಪ್ರತಿ ಮಾಡಿಸಿ ಇಟ್ಟುಕೋ' ಎಂದೆ.

ಒಂದು ಕಾಗದದ ಬೆನ್ನನ್ನು ತಿರುಗಿಸಿ ನೋಡುವ ಅಭ್ಯಾಸ ಎಷ್ಟು ಸಣ್ಣದು! ಅದನ್ನು ಯಂತ್ರ ಕಲಿಸುವುದಿಲ್ಲ. ಇಂದು ಎಲ್ಲೆಡೆಯಲ್ಲಿಯೂ ದಾಖಲೆಗಳನ್ನು ಗಣಕೀಕರಿಸುವ ಭರದ ಕಾರ್ಯ ನಡೆದಿದೆ. ಅದು ಒಳ್ಳೆಯದೇ. 2001ರಲ್ಲಿ ಆರಂಭವಾದ 'ಭೂಮಿ' ಯೋಜನೆ ನಮ್ಮ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ರೈತನು ಲೆಕ್ಕಿಗನ ಮನೆಬಾಗಿಲಲ್ಲಿ ಕಾಯುವ ದೈನ್ಯವನ್ನು ಬಹುಮಟ್ಟಿಗೆ ತಪ್ಪಿಸಿತು. 2024ರಲ್ಲಿ ಮೊದಲಾದ 'ಭೂ ಸುರಕ್ಷಾ' ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳ ಬಿಂಬಗಳನ್ನು ತೆಗೆಯುತ್ತಿದ್ದಾರೆ. ಮೆಚ್ಚತಕ್ಕ ಕೆಲಸ. ಆದರೆ ಬಿಂಬಕ್ಕೆ ಹೆಸರಿಡುವವನಾರು? 'ರಕ್ತಾಕ್ಷಿ' ಎಂಬುದರ ಎದುರಿಗೆ ಯಾವ ವರ್ಷವನ್ನು ಒತ್ತುತ್ತಾನೆ? 'ಬಿನ್' ಎಂದರೆ ಇಂಥವರ ಮಗ, 'ಕೋಂ' ಎಂದರೆ ಇಂಥವರ ಹೆಂಡತಿ ಎಂದು ಅವನಿಗೆ ಹೇಳಿದವರುಂಟೇ? ಹೊಸಹಳ್ಳಿಗಳು ನಾಡಿನಲ್ಲಿ ಎಷ್ಟಿವೆ? ಫಸಲಿ ವರ್ಷವನ್ನು ಕ್ರಿಸ್ತಶಕವೆಂದು ತಿಳಿದು ಬರೆದರೆ ಸುಮಾರು 590 ವರ್ಷಗಳ ಅಂತರ ಬೀಳುತ್ತದೆ. ಅಷ್ಟು ದೊಡ್ಡ ತಪ್ಪು ಹೇಗೋ ಕಣ್ಣಿಗೆ ಬಿದ್ದೀತು, ಒಂದು ವರ್ಷದ ತಪ್ಪು ಬೀಳದು. ತಪ್ಪು ಹೆಸರನ್ನು ಹೊತ್ತು ಕೋಟಿ ಬಿಂಬಗಳ ನಡುವೆ ಸೇರಿದ ಕಾಗದ, ಗೆದ್ದಲು ತಿಂದ ಕಾಗದಕ್ಕಿಂತಲೂ ಹೆಚ್ಚಾಗಿ ಕಳೆದುಹೋಗುತ್ತದೆ. ಗೆದ್ದಲು ತಿಂದದ್ದನ್ನು ಇಲ್ಲವೆಂದಾದರೂ ತಿಳಿಯಬಹುದು.

ಯಂತ್ರವೇ ಚಿರಂಜೀವಿಯೆಂಬ ಭ್ರಮೆಯನ್ನೂ ಬಿಡಬೇಕು. ಇಂಗ್ಲೆಂಡಿನ ಅರಸ ವಿಲಿಯಮನು 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಎಂಬ ಭೂಮಾಪನದ ಪುಸ್ತಕವನ್ನು ಇಂದಿಗೂ ಓದಬಹುದು. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಬಿ.ಬಿ.ಸಿ. ಸಂಸ್ಥೆ ಲೇಸರ್ ತಟ್ಟೆಗಳಲ್ಲಿ ಸಿದ್ಧಪಡಿಸಿದ ಹೊಸ ಡೂಮ್ಸ್‌ಡೇ ಹದಿನೈದು ವರ್ಷಗಳಲ್ಲಿಯೇ, ಅದನ್ನು ಓದುವ ಯಂತ್ರಗಳು ಮರೆಯಾಗಿ, ಮೂಕವಾಗುವ ಸ್ಥಿತಿಗೆ ಬಂದಿತ್ತು. ಬಲ್ಲವರು ಶ್ರಮಪಟ್ಟು ಅದನ್ನು ಬದುಕಿಸಬೇಕಾಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಒತ್ತಿಟ್ಟ ಕನ್ನಡವನ್ನು ಆ ಅಕ್ಷರಗಳಿಲ್ಲದ ಗಣಕದಲ್ಲಿ ಇಂದು ತೆರೆದು ನೋಡಿ. ರೋಮನ್ ಅಕ್ಷರ, ಚಿಹ್ನೆಗಳ ಒಂದು ಕಿಚಡಿ ಕಾಣುತ್ತದೆ. ಹುಡುಕಿದರೆ ಒಂದು ಪದವೂ ಸಿಕ್ಕುವುದಿಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದಿನ ಕನ್ನಡವಿದು. ಸಾವಿರ ವರ್ಷದ ಹಿಂದಿನ ಶಾಸನವನ್ನು ಓದಬಲ್ಲ ನಮ್ಮ ಎಂ.ಎ. ಪದವೀಧರನು ಇದರ ಮುಂದೆ ಕೈಚೆಲ್ಲಿ ಕುಳಿತುಕೊಳ್ಳುತ್ತಾನೆ. ಮಾರ್ಪಡಿಸುವ ಉಪಾಯಗಳಿವೆ. ಮಾರ್ಪಡಿಸಬೇಕೆಂದು ಕಾಲಕಾಲಕ್ಕೆ ನೆನೆಯುವ ಜವಾಬ್ದಾರಿ ಯಾರದೆಂಬುದು ಮಾತ್ರ ಎಲ್ಲಿಯೂ ಗೊತ್ತುಪಡಿಸಿಲ್ಲ.

ಇನ್ನು ಬಿಸುಡುವ ವಿದ್ಯೆ. ಈ ಶಾಸ್ತ್ರದಲ್ಲಿ ಇದಕ್ಕಿಂತ ಕಷ್ಟವಾದ ಭಾಗವಿಲ್ಲ. ಇಂಗ್ಲೆಂಡಿನ ಹಿಲರಿ ಜೆಂಕಿನ್‌ಸನ್ 1922ರಲ್ಲಿ ಬರೆದ ಕೈಪಿಡಿಯಲ್ಲಿ ಪತ್ರಪಾಲಕನು ಯಾವುದನ್ನೂ ತಾನಾಗಿ ನಾಶಮಾಡತಕ್ಕದ್ದಲ್ಲ, ಅವನು ಕಾಯುವವನೇ ಹೊರತು ಆರಿಸುವವನಲ್ಲ ಎಂಬ ನಿಲುವನ್ನು ತಳೆದನು. ಅಮೆರಿಕದ ಷೆಲೆನ್‌ಬರ್ಗ್ 1956ರ ತನ್ನ ಗ್ರಂಥದಲ್ಲಿ ಇದಕ್ಕೆ ಬೇರೆ ದಾರಿ ಹಿಡಿದನು: ಈ ಕಾಲದ ಸರ್ಕಾರಗಳು ಹುಟ್ಟಿಸುವ ಕಾಗದದ ಪ್ರಮಾಣಕ್ಕೆ ಆರಿಸುವುದು ಅನಿವಾರ್ಯ, ಕಚೇರಿಗೆ ಇರುವ ಪ್ರಯೋಜನ ಮುಗಿದ ಮೇಲೂ ಮುಂದಿನವರಿಗೆ ಸಾಕ್ಷ್ಯವಾಗಿಯೋ ಮಾಹಿತಿಯಾಗಿಯೋ ಯಾವುದು ಬೆಲೆಯುಳ್ಳದ್ದೋ ಅದನ್ನು ಉಳಿಸಬೇಕು. ನನ್ನ ಮನಸ್ಸು ಜೆಂಕಿನ್‌ಸನ್ನನ ಕಡೆಗೆ ಒಲೆಯುತ್ತದೆ, ಬುದ್ಧಿ ಷೆಲೆನ್‌ಬರ್ಗನನ್ನು ಒಪ್ಪುತ್ತದೆ. ಎಲ್ಲವನ್ನೂ ಇಟ್ಟುಕೊಂಡ ಕೋಣೆಯಲ್ಲಿ ಯಾವುದೂ ಸಿಕ್ಕದು. ಆದರೆ ಆರಿಸುವುದಕ್ಕೆ ಓದಬೇಕಲ್ಲವೇ? ನಮ್ಮಲ್ಲಿ ಕಡತವನ್ನು ಮುಚ್ಚುವಾಗ ಅದರ ಮೇಲೆ ಎ, ಬಿ, ಸಿ ಎಂದು ವರ್ಗದ ಅಕ್ಷರವನ್ನು ಬರೆಯುವ ಪದ್ಧತಿಯಿದೆ. ಎ ವರ್ಗ ಶಾಶ್ವತ. ಉಳಿದವಕ್ಕೆ ಇಂತಿಷ್ಟು ವರ್ಷಗಳ ಆಯುಸ್ಸು. ಬ್ರಹ್ಮಲಿಪಿಗೆ ಸಮಾನವಾದ ಈ ಒಂದಕ್ಷರವನ್ನು ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಎದ್ದು ನಿಂತ ಗುಮಾಸ್ತನೊಬ್ಬ ಗೀಚಿದರೆ ಅದರಂತೆಯೇ ಮುಂದೆ ನಡೆಯುತ್ತದೆ.

ಇದರೊಡನೆ ಕಾಗದದ ಮೂಲಕ್ರಮವನ್ನು ಕೆಡಿಸಬಾರದೆಂಬ ನಿಯಮವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡು ಲೋಕದ ಪತ್ರಾಗಾರಗಳೆಲ್ಲ ಒಪ್ಪಿದ್ದು ಅದು: ಒಂದು ಕಚೇರಿಯ ಕಾಗದಗಳನ್ನು ಮತ್ತೊಂದರದರೊಡನೆ ಬೆರೆಸಬಾರದು. ಗ್ರಂಥಸಂಪಾದನೆಯನ್ನು ಓದಿದವರಿಗೆ ಇದು ಹೊಸದೆನಿಸದು. ಪ್ರತಿಯ ಮೂಲವನ್ನು ಅರಿಯದೆ ಪಾಠವನ್ನು ನಿರ್ಣಯಿಸುವುದಿಲ್ಲವೆಂದು ನಾವು ತರಗತಿಯಲ್ಲಿ ಹೇಳುವ ಮಾತೇ ಇದು. ಬಜೆಯ ಬೇರು, ಬೇವಿನ ಸೊಪ್ಪು, ಗಾಳಿ ಬೆಳಕು, ಮಳೆಗಾಲದ ತೇವ ಮೊದಲಾದ ಶರೀರರಕ್ಷಣೆಯ ವಿಚಾರಗಳನ್ನು ಇಲ್ಲಿ ಬೆಳೆಸುವುದಿಲ್ಲ. ಅವನ್ನು ನಮ್ಮ ಅಜ್ಜಂದಿರು ಬಲ್ಲವರಾಗಿದ್ದರು.

ಕಾನೂನು ಇಲ್ಲವೆಂದು ದೂರುವಂತೆಯೂ ಇಲ್ಲ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದಂತೆ ದಾಖಲೆಗಳನ್ನು ಹುಟ್ಟಿಸುವ ಪ್ರತಿಯೊಂದು ಕೇಂದ್ರಾಧೀನ ಸಂಸ್ಥೆಯೂ ತನ್ನ ಅಧಿಕಾರಿಗಳಲ್ಲೊಬ್ಬನನ್ನು ದಾಖಲಾಧಿಕಾರಿಯಾಗಿ ನೇಮಿಸಬೇಕು. 1892ಕ್ಕೆ ಹಿಂದಿನ ಕಾಗದವನ್ನು, ಗುರುತು ಹತ್ತದಷ್ಟು ಕೆಟ್ಟಿದ್ದ ಹೊರತು, ನಾಶಮಾಡಬಾರದು. ಕ್ರಮವಿಲ್ಲದೆ ನಾಶಮಾಡಿದವರಿಗೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 2005ರ ಮಾಹಿತಿ ಹಕ್ಕಿನ ಅಧಿನಿಯಮದ 4ನೆಯ ಪ್ರಕರಣ, ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನೆಲ್ಲ ಪಟ್ಟಿಮಾಡಿ ಸೂಚಿಯೊಡನೆ ಇಡತಕ್ಕದ್ದೆಂದು ಮೊದಲ ಮಾತಿನಲ್ಲಿಯೇ ಹೇಳುತ್ತದೆ. ಜನ ಅರ್ಜಿ ಹಾಕುವುದು ಆಮೇಲಿನ ಸಂಗತಿ. 'ಕಡತ ಲಭ್ಯವಿಲ್ಲ' ಎಂಬ ಒಂದು ಸಾಲಿನ ಉತ್ತರವನ್ನು ಪಡೆದವರು ವಾಚಕರಲ್ಲಿಯೂ ಇರಬಹುದು. ಒಮ್ಮೆ ಇದ್ದ ಮಾಹಿತಿಯನ್ನು ಸಿಕ್ಕಲಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಹುಡುಕಬೇಕು, ಹೊಣೆಯನ್ನು ಗೊತ್ತುಮಾಡಬೇಕು ಎಂದು ದೆಹಲಿಯ ಉಚ್ಚ ನ್ಯಾಯಾಲಯ 2013ರಲ್ಲಿಯೇ ಹೇಳಿದೆ. ಕಾನೂನು ಹೊಣೆಯನ್ನು ಹೊರಿಸಬಲ್ಲುದು. ಮೋಡಿ ಅಕ್ಷರವನ್ನು ಕಲಿಸುವ ಕೆಲಸ ಅದರದಲ್ಲ.

ಅದು ನಮ್ಮದು. ಕನ್ನಡ ವಿದ್ವತ್ತು ತನ್ನ ಕಲ್ಲನ್ನೂ ಕಾವ್ಯವನ್ನೂ ಉಳಿಸಿಕೊಂಡ ಕಥೆ ಹೆಮ್ಮೆಪಡತಕ್ಕದ್ದು. ಬಿ. ಎಲ್. ರೈಸರು 'ಎಪಿಗ್ರಾಫಿಯಾ ಕರ್ನಾಟಿಕ'ದ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದರು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನಗಳ ಓಲೆಗಳನ್ನು ಕೂಡಿಸಿ, ಅಚ್ಚುಕೂಟಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ವ್ಯವಹಾರದ ಕಾಗದಕ್ಕೆ ಇಂಥ ಭಾಗ್ಯ ಬಂದದ್ದು ಅಪರೂಪ. 1916ರಲ್ಲಿ ಆರ್. ನರಸಿಂಹಾಚಾರ್ಯರು ಶೃಂಗೇರಿಯಲ್ಲಿ ಕಾಗದಗಳ ಕಟ್ಟೊಂದನ್ನು ಬಿಚ್ಚಿದಾಗ ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಬರೆದ ಕನ್ನಡದ ಪತ್ರಗಳು ದೊರೆತವು. 1791ರಲ್ಲಿ ಮರಾಠರ ದಂಡು ಮಠವನ್ನು ಸೂರೆಮಾಡಿದ ಸಂಗತಿಯೂ, ಪುನಃಪ್ರತಿಷ್ಠೆಗೆ ಸುಲ್ತಾನನು ಒದಗಿಸಿದ ನೆರವೂ ಅವುಗಳಿಂದ ತಿಳಿದುಬಂದವು. ಆ ಪತ್ರಗಳನ್ನು ಮುಂದಿಟ್ಟುಕೊಂಡು ಎರಡು ಪಕ್ಷಗಳೂ ಇಂದಿಗೂ ವಾದಿಸುತ್ತವೆ. ಸುಮಾರು 125 ವರ್ಷಗಳ ಕಾಲ ಅವನ್ನು ನೆನೆಯಗೊಡದೆ, ಹುಳ ಹಿಡಿಯಗೊಡದೆ ಕಾದ ಮಠದ ಕರಣಿಕರನ್ನು ಯಾರೂ ನೆನೆಯುವುದಿಲ್ಲ.

ನಮ್ಮ ಎಂ.ಎ. ತರಗತಿಗಳಲ್ಲಿ ಹಲ್ಮಿಡಿಯ ಶಾಸನವನ್ನು ಓದಿಸುತ್ತೇವೆ. ಓದಿಸಲೇಬೇಕು. ಆದರೆ ಅದನ್ನು ಬಿಡಿಸಿ ಓದಿದ ವಿದ್ಯಾರ್ಥಿ ತನ್ನ ಮುತ್ತಜ್ಜನ ಕ್ರಯಪತ್ರದ ಮುಂದೆ ನಿರಕ್ಷರನಾಗಿ ನಿಲ್ಲುತ್ತಾನೆ. ನಡುವಿನ ಮುನ್ನೂರು ನಾನ್ನೂರು ವರ್ಷಗಳ ಗದ್ಯವನ್ನು, ಖಿರ್ದಿ, ಮುಚ್ಚಳಿಕೆ, ಕೈಫಿಯತ್ತು, ನಿರೂಪ, ಸನ್ನದುಗಳ ಗದ್ಯವನ್ನು, ನಾವು ಪಠ್ಯದ ಹೊರಗಿಟ್ಟಿದ್ದೇವೆ. ಅದರಲ್ಲಿ ಪಾರಸಿ ಬೆರೆತಿದೆ, ವ್ಯಾಕರಣ ಸಡಿಲವಾಗಿದೆ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ನಿಜ, ಅದು ಜನ ಹೊಲ ಮಾರಿದ, ಸಾಲ ತಂದ, ಜಗಳವಾಡಿ ರಾಜಿಯಾದ ಕನ್ನಡ. ಎಂ. ಎಂ. ಕಲಬುರ್ಗಿಯವರು ಕರ್ನಾಟಕದ ಕೈಫಿಯತ್ತುಗಳನ್ನು ಸಂಪಾದಿಸಿ ಕೊಟ್ಟಿದ್ದಾರೆ. ಎಷ್ಟು ತರಗತಿಗಳಲ್ಲಿ ಅದು ಪಠ್ಯವಾಗಿದೆ? 'ಸಾಹಿತ್ಯದ ವಿದ್ಯಾರ್ಥಿಯನ್ನು ಗುಮಾಸ್ತನನ್ನಾಗಿ ಮಾಡುತ್ತೀರಾ?' ಎಂಬುದು ಮತ್ತೊಂದು ಆಕ್ಷೇಪ. ಇದರಲ್ಲಿ ಗುಮಾಸ್ತನ ಬಗೆಗೆ ಇರುವ ತಾತ್ಸಾರವನ್ನು ನಾನು ಒಪ್ಪಲಾರೆ. ಓದಬಲ್ಲವನಿಗೆ ಉದ್ಯೋಗವಿಲ್ಲ, ಉದ್ಯೋಗದಲ್ಲಿರುವವನಿಗೆ ಓದು ಕಲಿಸಿಲ್ಲ. ಈ ಇಬ್ಬರನ್ನೂ ಎದುರುಬದುರಾಗಿ ಕುಳ್ಳಿರಿಸುವುದು ಯಾರ ಘನತೆಗೆ ಕುಂದು?

ಕೇಳುವುದು ಹೆಚ್ಚೇನಲ್ಲ. ಸ್ನಾತಕೋತ್ತರ ತರಗತಿಯಲ್ಲಿ ವ್ಯವಹಾರ ದಾಖಲೆಗಳ ಒಂದು ಪತ್ರಿಕೆ. ಲಿಪಿ, ಕಾಲಗಣನೆ, ಅಳತೆ-ನಾಣ್ಯ, ಸೂಚೀರಚನೆ ಇಷ್ಟಿದ್ದರೆ ಸಾಕು. ಬೇಸಗೆಯ ರಜೆಯಲ್ಲಿ ತಾಲ್ಲೂಕು ಕಚೇರಿ, ಪುರಸಭೆ, ಮಠ, ಕಾಲೇಜುಗಳ ದಾಖಲೆಗಾರರಿಗಾಗಿ ನಾಲ್ಕು ವಾರಗಳ ಶಿಬಿರ. ಅವರಿಗೆ ನಾವು ಓದುವುದನ್ನು ಕಲಿಸೋಣ, ಅವರು ನಮಗೆ ಕಚೇರಿಯ ಕ್ರಮವನ್ನು ಕಲಿಸಲಿ. ರಾಜ್ಯ ಪತ್ರಾಗಾರ ಇಲಾಖೆಯವರ ಅನುಭವ ಇದಕ್ಕೆ ಒದಗಬಹುದು. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರವಂತೂ ಈ ಶಿಕ್ಷಣಕ್ಕೆಂದೇ ಒಂದು ಶಾಲೆಯನ್ನು ನಡೆಸುತ್ತಿದೆ. ಕಡತಕ್ಕೆ ವರ್ಗದ ಅಕ್ಷರವನ್ನು ಬರೆಯುವ ಅಧಿಕಾರ ಇಂಥ ಕಲಿಕೆಯನ್ನು ಪಡೆದವನಿಗೆ ಮಾತ್ರ ಇರಲಿ. ನಿವೃತ್ತನಾಗುವ ದಾಖಲೆಗಾರ ತನ್ನ ಕೊನೆಯ ಮೂರು ತಿಂಗಳನ್ನು ಉತ್ತರಾಧಿಕಾರಿಯ ಪಕ್ಕದಲ್ಲಿ ಕುಳಿತು ಕೋಣೆಯ ಸೂಚಿಯನ್ನು ಬರೆಸುವುದಕ್ಕೆ ಮೀಸಲಿಡಲಿ. ಸೂಚಿ ಮುಗಿಯದೆ ಬೀಳ್ಕೊಡುಗೆಯ ಹಾರ ಬೇಡ. ಇದೆಲ್ಲಕ್ಕಿಂತ ಮೊದಲು ಸಂಬಳದ ಪಟ್ಟಿಯಲ್ಲಿ ಒಂದು ಸಾಲು ಬದಲಾಗಬೇಕು. ಲಿಪಿಯನ್ನೂ ಶಾಸ್ತ್ರವನ್ನೂ ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾದ ಗುಮಾಸ್ತನಿಗೆ ಒಂದು ವಿಶೇಷ ಬಡ್ತಿ, ಮತ್ತು ಆ ಕೋಣೆಗೆ ಸರಿಯಾದ ಒಂದು ಕಿಟಕಿ.